ದಾಳಿಂಬೆ ಸಸಿಗೂ ಒಂದು ಪಿಸಿಆರ್ ಟೆಸ್ಟ್ ಆಗಲಿ

ಮಾನ್ಯ ಸಂಪಾದಕರೇ,

ಹಿರಿಯೂರು ತಾಲ್ಲೂಕಿನಲ್ಲಿ ನನ್ನದು ಎರಡು ಎಕರೆ ದಾಳಿಂಬೆ. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಾಗಿ ರಿಟೈರ್ ಆದ ಮೇಲೆ ಹಾಕಿದ ತೋಟ. ವರ್ಷಾನುಗಟ್ಟಲೆ ಡಿಎನ್‌ಎ ಪಾಠ ಮಾಡಿದವನು, 700 ಭಗವಾ ತಳಿಯ ಸಸಿ ಲಾರಿಯಿಂದ ಇಳಿಸಿಕೊಳ್ಳುವಾಗ ಬೇರು ಚೆನ್ನಾಗಿದೆಯಾ, ಎಲೆ ಹಸಿರಾಗಿದೆಯಾ ಅಂತಷ್ಟೇ ನೋಡಿದೆ.

ಮೂರನೇ ವರ್ಷದ ಮಳೆಗಾಲ. ಎಲೆ ಹಿಡಿದು ಬಿಸಿಲಿಗೆ ಒಡ್ಡಿದರೆ ಎಣ್ಣೆ ತಾಗಿದಂಥ ಸಣ್ಣ ಚುಕ್ಕೆಗಳು. ಆಮೇಲೆ ಕಾಯಿ ಮೇಲೂ ಕಪ್ಪು ಮಚ್ಚೆ, ಮಚ್ಚೆ ನಡುವೆ ಸೀಳು. ವ್ಯಾಪಾರಿ ಬಂದು ನಾಲ್ಕು ಸಾಲು ಓಡಾಡಿ, ‘ಅಂಗಮಾರಿ ಕಣ್ರೀ ಮೇಷ್ಟ್ರೇ’ ಅಂದು ಬೈಕ್ ಹತ್ತಿದರು. ರೇಟ್ ಕೂಡ ಹೇಳಲಿಲ್ಲ.

ಈ ಅಂಗಮಾರಿ ರೋಗಕ್ಕೆ ಕಾರಣ ಕ್ಸಾಂಥೋಮೊನಾಸ್ ಎಂಬ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ಮಳೆ ಹನಿ, ಚಾಟನಿ ಮಾಡುವ (ರೆಂಬೆ ಸವರುವ) ಕತ್ತರಿ ಇವುಗಳಿಂದ ಗಿಡದಿಂದ ಗಿಡಕ್ಕೆ ದಾಟುತ್ತದೆ. ಊರಿಂದ ಊರಿಗೆ ಬರುವುದು ಮಾತ್ರ ಹೆಚ್ಚಾಗಿ ಸಸಿ ಜೊತೆಗೇ. ರೋಗವಿದ್ದ ತಾಯಿಗಿಡಕ್ಕೆ ಗೂಟಿ ಕಟ್ಟಿದರೆ, ಅಂದರೆ ಅದರ ರೆಂಬೆಯಲ್ಲೇ ಬೇರು ಬರಿಸಿ ಸಸಿ ಮಾಡಿದರೆ, ಮುಗೀತು. ನೋಡಲು ಸಸಿ ಚೆನ್ನಾಗೇ ಇರುತ್ತದೆ, ಅದೇ ಕಷ್ಟ.

2012ರಲ್ಲೇ ಚಂಡೀಗಢದ ವಿಜ್ಞಾನಿಗಳು ಈ ದುಂಡಾಣುವಿನ ಜೀನೋಮ್‌ನ, ಅಂದರೆ ಅದರ ಇಡೀ ಡಿಎನ್‌ಎ ಬರಹದ, ಕರಡು ಪ್ರಕಟಿಸಿದ್ದಾರೆ. ಸುಮಾರು 50 ಲಕ್ಷ ಅಕ್ಷರ! ‘ಅದನ್ನು ಓದಿ ಏನ್ ಮಾಡ್ತಾರೆ ಸಾರ್?’ ಅಂತ ಪಕ್ಕದ ತೋಟದವರು ಕೇಳಿದರು. ಸುಮ್ನೆ ಕೇಳಿದ್ದಲ್ಲ, ಸರಿಯಾದ ಪ್ರಶ್ನೆಯೇ. ಆ ಅಕ್ಷರಗಳಲ್ಲಿ ಈ ದುಂಡಾಣುವಿನಲ್ಲಿ ಮಾತ್ರ ಇರುವ ತುಂಡನ್ನು ಗುರುತಿಸಿಕೊಂಡರೆ, ಅದನ್ನೇ ಎಲೆಯಲ್ಲಿ ಹುಡುಕಬಹುದು. ಕೊರೊನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ್ದರಲ್ಲ, ಅಂಥದ್ದೇ ಪಿಸಿಆರ್ ಟೆಸ್ಟ್. ಚುಕ್ಕೆ ಕಾಣುವ ಮೊದಲೇ ಗೊತ್ತಾಗುವ ಸಾಧ್ಯತೆ ಇದೆ. ಒಂದು ಸಲ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲವೆಂದಲ್ಲ, ಹಾಗಾಗಿ ತಾಯಿಗಿಡಕ್ಕೆ ಮತ್ತೆ ಮತ್ತೆ ಮಾಡಬೇಕು.

ನಾವು ಮಾಡುತ್ತಿರುವುದೇನು? ಸ್ಟ್ರೆಪ್ಟೊಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಹೊಡೆಯುತ್ತಿದ್ದೇವೆ. ಅದರಲ್ಲಿರುವ ಸ್ಟ್ರೆಪ್ಟೊಮೈಸಿನ್ ಒಂದು ಕಾಲದಲ್ಲಿ ಕ್ಷಯಕ್ಕೆ ಜೀವ ಉಳಿಸಿದ ಔಷಧಿ. ದುಂಡಾಣುವಿನ ಒಂದು ಜೀನ್‌ನಲ್ಲಿ ಒಂದೇ ಅಕ್ಷರ ಬದಲಾದರೂ ಸಾಕು, ಆ ಔಷಧಿ ನಾಟದೆ ಹೋಗಬಹುದು. ಜಾಸ್ತಿ ಹೊಡೆದಷ್ಟೂ ಅಂಥವೇ ಉಳಿಯುತ್ತವೆ, ಅಲ್ವಾ?

ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂನಂಥ ಕಡೆ ರೈತರೇ ಎಲೆ ಕೊಟ್ಟು ಕಡಿಮೆ ದರದಲ್ಲಿ ವರದಿ ಪಡೆಯುವಂತಾಗಲಿ. ತಾಯಿಗಿಡದ ವರದಿ ತೋರಿಸದೆ ನರ್ಸರಿಗಳು ಸಸಿ ಮಾರುವಂತಿಲ್ಲ ಎಂದು ಸರ್ಕಾರ ನಿಯಮ ಮಾಡಲಿ.

ನಾನು 240 ಗಿಡ ಕಿತ್ತು ಸುಟ್ಟೆ. ಆ ಜಾಗಕ್ಕೆ ಸಸಿ ಬೇಕಾಗಿ ಮೊನ್ನೆ ಒಂದು ನರ್ಸರಿಗೆ ಫೋನ್ ಮಾಡಿ, ತಾಯಿಗಿಡ ಟೆಸ್ಟ್ ಮಾಡಿಸಿದ್ದೀರಾ ಎಂದು ಕೇಳಿದೆ. ‘ನಮ್ಮದು ಗ್ಯಾರಂಟಿ ಮಾಲು ಸಾರ್, ಎಷ್ಟು ಕಳಿಸಲಿ?’ ಅಂದರು.

– ನಿವೃತ್ತ ಶಿಕ್ಷಕ, ದಾಳಿಂಬೆ ಬೆಳೆಗಾರ
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ