ದೂರು ಪತ್ರ: ಎಣಿಕೆಯಲ್ಲಿ ಸರಿ, ಆಟದಲ್ಲಿ ತಪ್ಪು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಆಟಿಕೆ ತಯಾರಿಕಾ ಕಂಪನಿ

ವಿಷಯ: ಸೀಕ್ವೆನ್ಸ್ ಮಾದರಿಯ ನಿಮ್ಮ ಆಟದಲ್ಲಿ ಅಚ್ಚಿನ ತಪ್ಪು, ಹೊಸ ಬೋರ್ಡ್ ಮತ್ತು ಗುಲಾಮನ ಎಲೆಗಳನ್ನು ಕೊಡುವ ಬಗ್ಗೆ

ಮಾನ್ಯರೇ,

ನಾನು ಕೊಟ್ಟ ದೂರನ್ನು ನಿಮ್ಮ ಗ್ರಾಹಕ ಸೇವೆಯವರು "ಡಬ್ಬಿಯಲ್ಲಿ ಏನೂ ಕಡಿಮೆ ಇಲ್ಲ" ಎಂದು ಬರೆದು ಮುಚ್ಚಿಬಿಟ್ಟಿದ್ದಾರೆ. ಕಡಿಮೆ ಇದೆ ಅಂತ ನಾನು ಹೇಳೇ ಇರಲಿಲ್ಲ. 104 ಇಸ್ಪೀಟ್ ಎಲೆಗಳಿವೆ, ಬಿಲ್ಲೆಗಳಿವೆ, ಬೋರ್ಡಿನಲ್ಲಿ ನೂರು ಮನೆಗಳೂ ಇವೆ. ಆದರೆ ಆ ಮನೆಗಳಲ್ಲಿ ಅಚ್ಚಾಗಿರುವುದೇ ತಪ್ಪು. ಇದನ್ನು ಫೋನಿನಲ್ಲಿ ಎಷ್ಟು ಬಿಡಿಸಿ ಹೇಳಿದರೂ "ಮೇಡಂ, ಮಿಸ್ಸಿಂಗ್ ಯಾವುದು ಹೇಳಿ" ಅನ್ನುವ ಪ್ರಶ್ನೆಗೇ ವಾಪಸ್ ಬರುತ್ತಿದ್ದರು. ಹಾಗಾಗಿ ಈ ಪತ್ರ. ದಯವಿಟ್ಟು ಈ ಆಟ ಆಡಲು ಗೊತ್ತಿರುವ ಒಬ್ಬರ ಕೈಯಲ್ಲಿ ಇದನ್ನು ಓದಿಸಿ.

ಮೊದಲು ಬೋರ್ಡಿನ ವಿಷಯ. ಕೈಯಲ್ಲಿರುವ ಎಲೆ ಇಳಿಸಿ, ಬೋರ್ಡಿನಲ್ಲಿ ಅದೇ ಎಲೆಯ ಚಿತ್ರವಿರುವ ಮನೆಯ ಮೇಲೆ ಬಿಲ್ಲೆ ಇಡುವುದು ಈ ಆಟ. ನಾಲ್ಕು ಮೂಲೆ ಎಲ್ಲರಿಗೂ ಸೇರಿದ್ದು. ಉಳಿದ 96 ಮನೆಗಳಲ್ಲಿ ಗುಲಾಮನನ್ನು ಬಿಟ್ಟು ಮಿಕ್ಕ 48 ಎಲೆಗಳು ಎರಡೆರಡು ಸಲ ಬರಬೇಕು. ಎರಡು ಕಟ್ಟು ಎಲೆ ಕೊಡುವುದೇ ಅದಕ್ಕೆ. ಮನೆಗೊಂದು ಎಲೆ, ಎಲೆಗೊಂದು ಮನೆ. ನೀವು ಕೊಟ್ಟ ಬೋರ್ಡಿನಲ್ಲಿ ಆಟೀನ್ (ಕೆಂಪು ಹೃದಯದ ಗುರುತು) ಹತ್ತು ಮೂರು ಕಡೆ ಇದೆ, ಕ್ಲಾವರ್ ಆರು ಒಂದೇ ಕಡೆ ಇದೆ. ಒಟ್ಟು ಲೆಕ್ಕ ಸರಿಹೋಗುವುದರಿಂದ ಮೇಲ್ನೋಟಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಆಟೀನ್ ಹತ್ತು ಇಳಿದ ಮೇಲೆ ಮೂರನೇ ಮನೆ ತುಂಬಲು, ಗುಲಾಮನನ್ನು ಬಿಟ್ಟರೆ, ಕಟ್ಟಿನಲ್ಲಿ ಎಲೆಯೇ ಉಳಿದಿರುವುದಿಲ್ಲ.

ಇದರಿಂದ ಮನೆಯಲ್ಲಿ ಏನಾಯಿತು ಅಂತ ಹೇಳಲೇಬೇಕು. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತಿರಬಹುದು, 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ರಜೆಗೆ ನಾದಿನಿಯ ಮಕ್ಕಳೂ ಬಂದಿದ್ದರು. ನಮ್ಮ ಅತ್ತೆಯವರು ಮನೆಯೊಳಗೆ ಇಸ್ಪೀಟ್ ಎಲೆ ತರಲು ಯಾವತ್ತೂ ಬಿಟ್ಟವರಲ್ಲ. ಎಲೆ ಅಂದರೆ ಅಂದರ್ ಬಾಹರ್ ಜೂಜು, ಅಂದರ್ ಬಾಹರ್ ಅಂದರೆ ಮನೆ ಹಾಳು, ಅಷ್ಟೇ ಅವರ ಲೆಕ್ಕ. ಈ ಆಟ ಹಾಗಲ್ಲ, ಇದರಲ್ಲಿ ದುಡ್ಡಿಲ್ಲ, ಐದು ಬಿಲ್ಲೆ ಸಾಲಾಗಿ ಕೂಡಿಸಬೇಕು ಅಂತ ನಾನೇ ಒಪ್ಪಿಸಿದೆ. ಚೌಕಾಬಾರ ಆಡಿ ಬೆಳೆದವರು, ಬೇಗ ಹಿಡಿದುಕೊಂಡರು. ಓದುವ ಕೆಲಸವಿಲ್ಲ, ಎಲೆಯ ಬಣ್ಣ, ಗುರುತು ನೋಡಿದರೆ ಸಾಕು. ಏಳು ವರ್ಷದ ಹುಡುಗಿ ಮತ್ತು ಎಪ್ಪತ್ತರ ಅಜ್ಜಿ ಸರಿಸಮವಾಗಿ ಕೂತು ಆಡುವ ಆಟ ಎಷ್ಟಿವೆ ಹೇಳಿ?

ಎರಡು ತಂಡ ಮಾಡಿಕೊಂಡು ಆಡುತ್ತಿದ್ದರು. ನಾದಿನಿಯ ಮಗನ ತಂಡ ನಾಲ್ಕು ನೀಲಿ ಬಿಲ್ಲೆ ಸಾಲಾಗಿ ಇಟ್ಟಿತ್ತು. ಐದನೇ ಮನೆ ಆಟೀನ್ ಹತ್ತು. ಹುಡುಗ ಕಾದ, ಕಾದ. ಎಲೆ ಬರಲೇ ಇಲ್ಲ. ಕೊನೆಗೆ "ಆಯಿ, ಆ ಎಲಿ ನೀನೇ ಮುಚ್ಚಿಟ್ಟಿ!" ಅಂತ ಕೂಗಿದ. ಅತ್ತೆ ಮಾತಾಡದೆ ಕೈಯಲ್ಲಿದ್ದ ಎಲೆಗಳನ್ನೆಲ್ಲ ಬೋರ್ಡಿನ ಮೇಲೆ ಬಿಚ್ಚಿಟ್ಟು ಎದ್ದು ಹೋದರು. ಆಮೇಲೆ ನಾನು ಕೂತು ಮನೆ ಮನೆ ಎಣಿಸಿದಾಗ ತಪ್ಪು ಸಿಕ್ಕಿತು. ಹುಡುಗ ಹೋಗಿ ಕ್ಷಮೆ ಕೇಳಿದ. ಆದರೂ "ಎಲಿ ಆಟಾನೇ ಬ್ಯಾಡ" ಎಂದು ಅವರು ಈಗ ಕೂರುತ್ತಿಲ್ಲ. ನನಗೆ ಜಾಸ್ತಿ ಬೇಜಾರು ಇದೇ.

ಇನ್ನು ಗುಲಾಮರು. ನಿಮ್ಮ ನಿಯಮದ ಹಾಳೆಯಲ್ಲಿ ಎರಡು ಕಣ್ಣಿನ ಗುಲಾಮ ಬಂದರೆ ಎಲ್ಲಿ ಬೇಕಾದರೂ ಬಿಲ್ಲೆ ಇಡಬಹುದು, ಒಂದು ಕಣ್ಣಿನ ಗುಲಾಮ ಬಂದರೆ ಎದುರು ತಂಡದ ಒಂದು ಬಿಲ್ಲೆ ತೆಗೆಯಬಹುದು ಎಂದಿದೆ. ಮಾಮೂಲಿ ಎಲೆಗಳಲ್ಲಿ ಇಸ್ಪೀಟ್, ಆಟೀನ್ ಗುಲಾಮರು ಪಕ್ಕಕ್ಕೆ ತಿರುಗಿರುತ್ತಾರೆ, ಒಂದೇ ಕಣ್ಣು ಕಾಣುತ್ತದೆ. ಡೈಮಂಡ್, ಕ್ಲಾವರ್ ಗುಲಾಮರಿಗೆ ಎರಡೂ ಕಣ್ಣು ಕಾಣುತ್ತವೆ. ನೀವು ಹೊಸದಾಗಿ ಪೇಟ ತೊಡಿಸಿ, ಮೀಸೆ ಬರೆದು ಚಿತ್ರ ಮಾಡಿಸಿದ್ದೀರಿ. ಚಿತ್ರ ನಿಜವಾಗಿಯೂ ಚೆನ್ನಾಗಿದೆ. ಆದರೆ ಎಂಟೂ ಗುಲಾಮರು ನಮ್ಮನ್ನೇ ನೇರ ನೋಡುತ್ತಿದ್ದಾರೆ! ಹಾಳೆಯ ಪ್ರಕಾರ ಆಡಿದರೆ ಬಿಲ್ಲೆ ತೆಗೆಯುವ ಎಲೆ ಒಂದೂ ಇಲ್ಲ. ನಾಲ್ಕು ಬಿಲ್ಲೆ ಇಟ್ಟವರನ್ನು ಕೆಡವುವ ದಾರಿ ಇಲ್ಲದಿದ್ದರೆ ಈ ಆಟದಲ್ಲಿ ತಲೆ ಓಡಿಸಲು ಏನು ಉಳಿಯಿತು? ಬೀದರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಬೇರೆ ಸೆಟ್ ಇರುವುದರಿಂದ ನನಗೆ ವ್ಯತ್ಯಾಸ ಗೊತ್ತಾಯಿತು. ಮೊದಲ ಸಲ ಕೊಂಡವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ನಾನು ಕೊಂಡ ಅಂಗಡಿಯವರು ಒಳ್ಳೆಯವರು. ನನ್ನೆದುರೇ ಇನ್ನೊಂದು ಹೊಸ ಡಬ್ಬಿ ಒಡೆದು ತೋರಿಸಿದರು. ಅದರಲ್ಲೂ ಇದೇ ಬೋರ್ಡ್, ಇದೇ ಗುಲಾಮರು. ಅಂದರೆ ನನ್ನ ಒಂದು ಡಬ್ಬಿಯ ಮಾತಲ್ಲ ಇದು, ಅಲ್ವಾ? ಆ ಡಬ್ಬಿಯ ಬೋರ್ಡಿನ ಫೋಟೋ ಕೂಡ ಪತ್ರದ ಜೊತೆ ಇಟ್ಟಿದ್ದೇನೆ.

ನನಗೆ ದುಡ್ಡು ವಾಪಸ್ ಬೇಡ. ಸರಿಯಾಗಿ ಅಚ್ಚಾದ ಬೋರ್ಡ್ ಬೇಕು. ಕಾಗದದ ಸ್ಟಿಕರ್ ಕಳಿಸಿ ಅಂಟಿಸಿಕೊಳ್ಳಿ ಅನ್ನಬೇಡಿ, ಬಿಲ್ಲೆ ಜರುಗಿಸುವಾಗ ಅದು ಎದ್ದು ಬರುತ್ತದೆ. ಒಂದು ಕಣ್ಣಿನ ನಾಲ್ಕು, ಎರಡು ಕಣ್ಣಿನ ನಾಲ್ಕು ಗುಲಾಮರನ್ನು ಕಳಿಸಿ. ಉಳಿದ ಎಲೆಗಳ ಬೆನ್ನಿನ ಬಣ್ಣಕ್ಕೆ ಅವು ಹೊಂದಬೇಕು, ಇಲ್ಲದಿದ್ದರೆ ಗುಲಾಮ ಯಾರ ಕೈಯಲ್ಲಿದ್ದಾನೆ ಅಂತ ಎದುರಿನವರಿಗೆ ಗೊತ್ತಾಗಿಬಿಡುತ್ತದೆ. ಅಂಗಡಿಗಳಲ್ಲಿ ಉಳಿದಿರುವ ಡಬ್ಬಿಗಳನ್ನೂ ವಾಪಸ್ ತರಿಸಿಕೊಳ್ಳಿ. ನಿಮ್ಮ ದೂರಿನ ಫಾರಂನಲ್ಲಿ "ಕಡಿಮೆ ಇದೆ", "ಮುರಿದಿದೆ" ಎಂಬ ಎರಡೇ ಆಯ್ಕೆ ಇವೆ. "ಅಚ್ಚಿನ ತಪ್ಪು" ಅಂತ ಇನ್ನೊಂದು ಸೇರಿಸಿ.

ಪತ್ರ ತಲುಪಿದ 15 ದಿನದಲ್ಲಿ ಉತ್ತರ ಕೊಡಿ. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಯೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇಲ್ಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವಾಸಿಸುವ ಊರಲ್ಲೇ ದೂರು ಹಾಕಲು ಆ ಕಾಯ್ದೆ ಅವಕಾಶ ಕೊಟ್ಟಿದೆ, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಇದನ್ನು ಸುಮ್ನೆ ಹೆದರಿಸಲು ಬರೆದಿಲ್ಲ.

ಜೊತೆಗೆ ಬಿಲ್ಲಿನ ಪ್ರತಿ, ನಮ್ಮ ಬೋರ್ಡಿನಲ್ಲಿ ತಪ್ಪಾದ ಮನೆಗಳಿಗೆ ಗುರುತು ಹಾಕಿದ ಫೋಟೋ, ಎಂಟು ಗುಲಾಮರ ಫೋಟೋ ಮತ್ತು ನಿಯಮದ ಹಾಳೆಯ ಪ್ರತಿ ಇವೆ.

ಇಂತಿ,
ನಿಮ್ಮ ಗ್ರಾಹಕಿ,
ಕಲಬುರಗಿ