ಭಿಕ್ಷುವಿಗೆ ಗುಂಡು, ಆಮೇಲೆ ಕ್ಷಮೆ ಪತ್ರ

ಮಾನ್ಯ ಸಂಪಾದಕರೇ,

ಮ್ಯಾನ್ಮಾರ್‌ನ ಬಗೋ ಊರಿನ ಹಿರಿಯ ಸಯಾಡೊ (ಅಂದರೆ ಮಠದ ಹಿರಿಯ ಭಿಕ್ಷು) ಭದ್ದಂತ ಮುನಿಂದಾಭಿವಂಸ ಅವರ ಸಾವಿನ ಸುದ್ದಿಯನ್ನು ನಿಮ್ಮ ಪತ್ರಿಕೆ ಹಾಕಿದೆ. ಸಂತೋಷ. ಆದರೆ 'ಗುಂಡಿನ ಚಕಮಕಿಯಲ್ಲಿ ಸಿಲುಕಿ' ಅಂತ ಬರೆದಿದ್ದೀರಲ್ಲ, ಚಕಮಕಿ ಎಲ್ಲಿತ್ತು ಸ್ವಾಮೀ? ಅದು ಇಲ್ಲಿನ ಸರ್ಕಾರಿ ಟಿವಿ ಮೊದಲು ಹೇಳಿದ ಕಥೆ. ಆ ಕಥೆಯನ್ನು ಸೇನೆಯವರೇ ಐದು ದಿನದಲ್ಲಿ ನುಂಗಿಕೊಂಡರು. ನೀವು ಮಾತ್ರ ಅದನ್ನೇ ಹಿಡಿದುಕೊಂಡು ಕೂತಿದ್ದೀರಿ.

2024ರ ಜೂನ್ 19ರಂದು ಅವರ ಕಾರಿನ ಮೇಲೆ ಗುಂಡು ಹಾರಿಸಿದ್ದು ಸೈನಿಕರು. ಅದೇ ಕಾರಿನಲ್ಲಿದ್ದ ಇನ್ನೊಬ್ಬ ಸಯಾಡೊ ಬದುಕುಳಿದರು, ಕ್ಯಾಮೆರಾ ಮುಂದೆ ಕೂತು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅವರು ಬಾಯಿ ಬಿಡದಿದ್ದರೆ ಈ ಕೊಲೆಯೂ 'ಭಯೋತ್ಪಾದಕರ' ಲೆಕ್ಕಕ್ಕೆ ಹೋಗುತ್ತಿತ್ತು. ಆ ವಿಡಿಯೊ ಊರೆಲ್ಲ ಹರಡಿದ ಮೇಲೆ ಆಗಿನ ಸೇನಾ ಮುಖ್ಯಸ್ಥ ಜನರಲ್ ಮಿನ್ ಆಂಗ್ ಹ್ಲೈಂಗ್ ತಮ್ಮ ಮಂತ್ರಿಯ ಕೈಲಿ ಕ್ಷಮೆ ಪತ್ರ ಕಳಿಸಿದರು. ಕಾರು ನಿಲ್ಲಲಿಲ್ಲವಂತೆ, ಅನುಮಾನ ಬಂತಂತೆ. ಅನುಮಾನ ಬಂದರೆ ಟೈರಿಗೆ ಹೊಡೆಯಬಹುದಿತ್ತು, ಅಲ್ವಾ? ಎಪ್ಪತ್ತು ದಾಟಿದ ಮುದುಕರು, ಮೈಮೇಲೆ ಭಿಕ್ಷುವಿನ ಬಟ್ಟೆ ಚೀವರ.

ಮಂಡಾಲೆ ಅಂದರೆ ನಮ್ಮವರಿಗೆ ತಿಲಕರ ಜೈಲು ಇದ್ದ ಊರು, ಅಷ್ಟೇ. ನಾನು ಇಲ್ಲಿ ಔಷಧಿ ವ್ಯಾಪಾರದಲ್ಲಿದ್ದೇನೆ. ಸಯಾಡೊ ಸತ್ತ ನ್ಗಾಜುನ್ ಕಡೆಯ ರಸ್ತೆಯಲ್ಲೇ ನಮ್ಮ ವ್ಯಾನ್ ಓಡಾಡುತ್ತದೆ. ಈ ಘಟನೆ ಆದಾಗಿನಿಂದ ನಮ್ಮ ಡ್ರೈವರ್ ಆ ಕಡೆ ಹೋಗಲು ಒಲ್ಲೆ ಅನ್ನುತ್ತಾನೆ. ಬೈಯಲು ನನಗೂ ಮನಸ್ಸು ಬರುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಒಂದೊಂದು ಪೆಟ್ಟಿಗೆ ಬಿಚ್ಚಿಸುತ್ತಾರೆ. ಪ್ಯಾರಾಸಿಟಮಾಲ್ ಮಾತ್ರೆಗೂ ಲೆಕ್ಕ ಕೊಡಬೇಕು. ಬ್ಯಾಂಡೇಜ್ ಜಾಸ್ತಿ ಇದ್ದರಂತೂ ಮುಗಿಯಿತು, ಕಾಡಿನ ಹುಡುಗರಿಗೆ (ಸೇನೆಯ ವಿರುದ್ಧ ಹೋರಾಡುವವರಿಗೆ) ಕೊಡಲು ಒಯ್ಯುತ್ತಿದ್ದೀಯಾ ಅಂತ ಶುರು. ಆಮೇಲೆ ಫೋನ್ ಕೊಡು ಅಂತಾರೆ. ಫೇಸ್‌ಬುಕ್ 2021ರಲ್ಲೇ ಬಂದ್ ಆಯಿತು. ಅದನ್ನು ನೋಡಲು ಎಲ್ಲರೂ ಹಾಕಿಕೊಂಡಿದ್ದ ವಿಪಿಎನ್‌ಗೂ 2024ರಲ್ಲಿ ಕತ್ತರಿ ಬಿತ್ತು. ಫೋನಿನಲ್ಲಿ ಅದು ಸಿಕ್ಕರೆ ದಂಡ, ರಸೀದಿ ಮಾತ್ರ ಕೇಳಬಾರದು. ಶಾನ್ ರಾಜ್ಯದ ಲಾಶಿಯೊ ಕಡೆಯ ರಸ್ತೆ ಆ ಜೂನ್ ಕೊನೆಯಲ್ಲಿ ಮತ್ತೆ ಯುದ್ಧಕ್ಕೆ ಸಿಕ್ಕಿತು, ನಮ್ಮ ಸರಕು ದಾರಿಯಲ್ಲೇ ಉಳಿಯಿತು. 2024ರಲ್ಲಿ ಸರ್ಕಾರದ ಲೆಕ್ಕದಲ್ಲಿ ಡಾಲರಿಗೆ 2,100 ಕ್ಯಾಟ್ (ಇಲ್ಲಿನ ಹಣ). ಆ ದರಕ್ಕೆ ಡಾಲರ್ ಕೊಡುವ ಪುಣ್ಯಾತ್ಮನನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ವಿಳಾಸ ತಿಳಿಸಿ. ಹೊರಗೆ ಅದರ ಎರಡು ಪಟ್ಟು ಎಣಿಸಬೇಕಿತ್ತು. ಕರೆಂಟಿನ ಸುದ್ದಿ ಬೇಡ, ಬರೆಯುತ್ತಾ ಇರುವಾಗಲೇ ಹೋಯಿತು.

ಬೆಂಗಳೂರಿನಿಂದ ನೆಂಟರು ಫೋನ್ ಮಾಡಿ, 'ಅಲ್ಲಿಯ ಭಿಕ್ಷುಗಳೆಲ್ಲ ಮಿಲಿಟರಿ ಕಡೆಯವರಂತಲ್ಲ, ಈಗ ಅನುಭವಿಸಲಿ' ಅನ್ನುತ್ತಾರೆ. ಇದೂ ನಿಮ್ಮಂಥ ಪತ್ರಿಕೆಗಳ ಕೃಪೆ. ಹೌದು, ಸೇನೆಯ ಪಕ್ಕದಲ್ಲಿ ಕೂತ ಭಿಕ್ಷುಗಳಿದ್ದಾರೆ. ದ್ವೇಷದ ಭಾಷಣಕ್ಕೇ ಹೆಸರಾದ ವಿರಾಥುವಿಗೆ 2023ರಲ್ಲಿ ದೊಡ್ಡ ಬಿರುದು ಕೊಟ್ಟು ಸನ್ಮಾನ ಮಾಡಿದರು. ಅವರ ಫೋಟೊ ನಿಮ್ಮಲ್ಲಿ ದೊಡ್ಡದಾಗಿ ಬರುತ್ತದೆ. 2021ರಲ್ಲಿ ಇದೇ ಮಂಡಾಲೆಯ ಬೀದಿಯಲ್ಲಿ ಸೇನಾ ಆಡಳಿತ ಬೇಡ ಅಂತ ನಡೆದ ಭಿಕ್ಷುಗಳ ಫೋಟೊ ಯಾಕೆ ಬರಲಿಲ್ಲ? ಬೇರೆಯವರೆಲ್ಲ ಹೆದರಿ ಬಾಗಿಲು ಹಾಕಿಕೊಂಡ ಮೇಲೂ ಅವರು ನಡೆದರು.

ಇದೇನು ಹೊಸದಲ್ಲ. 1990ರಲ್ಲಿ ಇದೇ ಊರಿನಲ್ಲಿ ಸೈನಿಕರು ಭಿಕ್ಷುಗಳ ಮೇಲೆ ಗುಂಡು ಹಾರಿಸಿದಾಗ ಮಠದವರು ಭಿಕ್ಷಾಪಾತ್ರೆ ಬೋರಲು ಹಾಕಿದರು. ಅಂದರೆ ಸೈನಿಕರ ಮನೆಯ ಅನ್ನ ಬೇಡ, ಅವರ ಮನೆಯ ಮದುವೆ ಸಾವಿಗೆ ನಾವು ಬರುವುದಿಲ್ಲ ಅಂತ. ಬೆಳಗಾಗೆದ್ದು ಭಿಕ್ಷುವಿಗೆ ಅನ್ನ ಹಾಕಿ ಪುಣ್ಯ ಕಟ್ಟಿಕೊಳ್ಳುವ ಜನ ಇವರು. ಭಿಕ್ಷು ಬೇಡ ಅಂದರೆ ಸುಬೇದಾರನ ಹೆಂಡತಿ ಗಂಡನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾಳಾ? ಸೇನೆಗೆ ನಡುಕ ಹುಟ್ಟಿತು, ಮಠಗಳಿಗೇ ನುಗ್ಗಿ ಭಿಕ್ಷುಗಳನ್ನು ಹಿಡಿದರು. 2007ರಲ್ಲಿ ಮತ್ತೆ ಅದೇ. ಆಗಸ್ಟಿನಲ್ಲಿ ತೈಲದ ಬೆಲೆ ಏರಿತು, ಸೆಪ್ಟೆಂಬರ್ 5ರಂದು ಪಕೊಕ್ಕು ಅನ್ನುವ ಊರಿನಲ್ಲಿ ಭಿಕ್ಷುಗಳಿಗೆ ಹೊಡೆದರು. ಸೆಪ್ಟೆಂಬರ್ 17ರೊಳಗೆ ಕ್ಷಮೆ ಕೇಳಿ ಅಂತ ಭಿಕ್ಷುಗಳು ಗಡುವು ಕೊಟ್ಟರು, ಸೇನೆ ಕೇಳಲಿಲ್ಲ. ಆಮೇಲೆ ಸಾವಿರಾರು ಭಿಕ್ಷುಗಳು ಬೀದಿಗೆ ಇಳಿದದ್ದನ್ನು ಇಡೀ ಜಗತ್ತು ನೋಡಿತು. ಈ ಸಲ ಐದೇ ದಿನಕ್ಕೆ ಕ್ಷಮೆ ಬಂತು. ಪ್ರಗತಿ ಆಗಿದೆ ಅನ್ನೋಣವೇ? ಹಾಗಾದರೆ 2023ರ ಮಾರ್ಚಿನಲ್ಲಿ ಶಾನ್ ರಾಜ್ಯದ ನಾನ್ ನೆಯಿಂಟ್ ಮಠದಲ್ಲಿ ಮೂವರು ಭಿಕ್ಷುಗಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನರ ಹೆಣ ಬಿತ್ತಲ್ಲ, ಅದಕ್ಕೆ ಕ್ಷಮೆ ಯಾವಾಗ?

ಅದೇ ವರ್ಷ ಆಗಸ್ಟಿನಲ್ಲಿ ರಾಜಧಾನಿ ನೇಪಿಡಾದಲ್ಲಿ ಭಾರಿ ಅಮೃತಶಿಲೆಯ ಬುದ್ಧನನ್ನು ಕೂರಿಸಿದರು. ದೇಶದಲ್ಲಿ ಶಾಂತಿ ನೆಲೆಸಲಿ ಅಂತ. ಜನರಲ್ ಸಾಹೇಬರು ಅಲ್ಲಿ ಕೈಮುಗಿದು ನಿಂತದ್ದನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದರೋ! ನಮ್ಮ ಬೀದಿಯಲ್ಲಿ ಅಷ್ಟು ಹೊತ್ತು ಕರೆಂಟ್ ಇದ್ದದ್ದೇ ಒಂದು ಪವಾಡ.

ಇನ್ನು ಇಲ್ಲಿಯ ವಾರ್ಡ್ ಆಫೀಸಿನವರು. ಮನೆಗೆ ಯಾರಾದರೂ ರಾತ್ರಿ ಉಳಿಯಲು ಬಂದರೆ ಹೆಸರು ಬರೆಸಬೇಕು. 2021ರಲ್ಲಿ ಸೇನೆ ಅಧಿಕಾರಕ್ಕೆ ಬಂದ ಹೊಸದರಲ್ಲೇ ಈ ಕಾನೂನಿಗೆ ಮತ್ತೆ ಜೀವ ಕೊಟ್ಟರು. ನಮ್ಮ ಅಮ್ಮ ಬಂದಿದ್ದಾಗ, ಮೊಣಕಾಲು ನೋವಿನವರು, ಅವರನ್ನೂ ಕರೆದುಕೊಂಡು ಬಾ ಅಂದರು. ಕರೆದುಕೊಂಡು ಹೋದರೆ ಗುಮಾಸ್ತ ಊಟಕ್ಕೆ ಹೋಗಿದ್ದ. ಊಟ ಮುಗಿಸಿ ಬಂದವನಿಗೆ ಟೀ ದುಡ್ಡು ಕೊಟ್ಟ ಮೇಲೆ ಪೆನ್ನು ಸಿಕ್ಕಿತು. ಅಮ್ಮ ನಕ್ಕರು, 'ನಮ್ಮ ತಾಲ್ಲೂಕು ಕಚೇರಿಯಲ್ಲೇ ಇದ್ದ ಹಾಗಿದೆ ಕಣೋ' ಅಂದರು. ಮಠದಲ್ಲಿ ಹೊರಗಿನವರು ಮಲಗಿದರೂ ಈ ಗುಮಾಸ್ತನಿಗೆ ಲೆಕ್ಕ ಬೇಕು. ಹೀಗೆ ಒಬ್ಬೊಬ್ಬರ ಹೆಸರು ಬರೆದುಕೊಳ್ಳುವ ಸರ್ಕಾರಕ್ಕೆ ಕಾರಿನೊಳಗೆ ಯಾರಿದ್ದಾರೆ ಅಂತ ಮಾತ್ರ ತಿಳಿಯಲಿಲ್ಲ!

ದೆಹಲಿಯವರ ಬಗ್ಗೆ ಎರಡು ಮಾತು. ಬೋಧಗಯೆ, ಸಾರನಾಥ ಅಂತ ಬುದ್ಧನ ಹೆಸರಿನಲ್ಲಿ ಸಮ್ಮೇಳನ ಮಾಡುವಾಗ ಗಂಟಲು ದೊಡ್ಡದು. ಪಕ್ಕದ ದೇಶದಲ್ಲಿ ಭಿಕ್ಷುವನ್ನು ಗುಂಡಿಟ್ಟು ಕೊಂದರೆ ಒಂದು 'ಕಳವಳ', ಅದೂ ನೆನಪಾದರೆ. ಗಡಿ ಇದೆ, ವ್ಯಾಪಾರ ಇದೆ, ಚೀನಾ ಇದೆ, ಎಲ್ಲಾ ಗೊತ್ತು. ವ್ಯಾಪಾರ ಮಾಡುವವನು ನಾನೂ ಹೌದು. ಆದರೂ ಇಷ್ಟೊಂದು ಮೌನ ಒಳ್ಳೆಯದಲ್ಲ.

ಜೂನ್ 27ರಂದು ಬಗೋದಲ್ಲಿ ಸಯಾಡೊ ಅವರ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು. ಅದನ್ನಾದರೂ ಸರಿಯಾಗಿ ಬರೆಯಿರಿ. ಗುಂಡು ಹಾರಿಸಿದವರ ಮೇಲೆ ಕ್ರಮ ಆಗಬೇಕು. ಯಾರು ಮಾಡುತ್ತಾರೆ ಅಂತ ಕೇಳಬೇಡಿ, ಹಾರಿಸಿದವರೂ ಅವರೇ, ವಿಚಾರಣೆ ಮಾಡುವವರೂ ಅವರೇ. ದೆಹಲಿಯವರು ಬಾಯಿ ಬಿಟ್ಟು ಏನಾದರೂ ಹೇಳಲಿ, ಇಲ್ಲವೇ ಬುದ್ಧನ ಹೆಸರು ಎತ್ತುವುದನ್ನಾದರೂ ಬಿಡಲಿ. ಇಲ್ಲಿನ ಸೇನೆಯವರು ರಸ್ತೆಯಲ್ಲಿ ಔಷಧಿ ಹಿಡಿಯುವುದನ್ನು ನಿಲ್ಲಿಸಲಿ. ಇಷ್ಟೂ ಜನ ಸಂಬಳ ತಗೊಂಡು ಮಾಡುವುದಾದರೂ ಏನು? ನಾಚಿಕೆ ಬೇಡವಾ?

ಒಬ್ಬ ಓದುಗ
ಮಂಡಾಲೆ

ವಿ.ಸೂ.: ಕವರಿನ ಮೇಲೆ ಹೆಸರಿದೆ. ದಯವಿಟ್ಟು ಅಚ್ಚು ಹಾಕಬೇಡಿ.