ಪೇತ್ರನಿಗೂ ಭಯವಿತ್ತು

ಮಾನ್ಯ ಸಂಪಾದಕರೇ,

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ, ಬೇಸಿಗೆ ಬಂತೆಂದರೆ ಸೌದೆ, ದರಗು ತರಲು ಕಾಡಿಗೆ ಹೋಗುವ ಮಲೆನಾಡಿಗರ ಎದೆ ಅಳುಕುತ್ತದೆ. ವಿಶ್ವಾಸವುಳ್ಳವರು ಹೆದರಲೇಬಾರದೆಂದು ಕ್ರೈಸ್ತರಾದ ನಮ್ಮಲ್ಲಿ ಕೆಲವರು ಹೇಳುವುದುಂಟು. ಅದನ್ನು ನಾನು ಒಪ್ಪಲಾರೆ. ಬೈಬಲಿನ ಮತ್ತಾಯನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ, ನೀರಿನ ಮೇಲೆ ನಡೆಯುತ್ತಿದ್ದ ಶಿಷ್ಯ ಪೇತ್ರನು ಬಿರುಗಾಳಿಗೆ ಹೆದರಿ, ಮುಳುಗತೊಡಗಿ ಕೂಗಿಕೊಂಡಾಗ, ಯೇಸುಸ್ವಾಮಿ ಮೊದಲು ಕೈಚಾಚಿ ಅವನನ್ನು ಹಿಡಿದುಕೊಂಡರು. ಅಲ್ಪವಿಶ್ವಾಸಿ ಎಂಬ ಆಕ್ಷೇಪಣೆ ಬಂದದ್ದು ಆಮೇಲೆ. (ಈ ಕ್ರಮವನ್ನು ಪ್ರಸಂಗಿಸುವವರು ಏಕೋ ಮರೆತುಬಿಡುತ್ತಾರೆ.) ಕೂಗಿಕೊಳ್ಳುವುದೇ ಅಲ್ಲಿ ವಿಶ್ವಾಸವಾಯಿತೆಂದು ನನ್ನ ತಿಳಿವಳಿಕೆ. ನಾನಂತೂ ಈ ಕಾಯಿಲೆ ಹರಡುವ ಉಣುಗು ಹತ್ತದಂತೆ ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು, ಬೈಬಲಿನ 23ನೆಯ ಕೀರ್ತನೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕಾಡಂಚಿನ ತೋಟಕ್ಕೆ ಇಳಿಯುತ್ತೇನೆ.

– ಓದುಗ, ತೀರ್ಥಹಳ್ಳಿ